ಹನ್ನೊಂದೂ ಇಪ್ಪತ್ತರ ಬಸ್ಸಿನಲ್ಲಿ ಮಲಗಿದವಳಿಗೆ

ನಿದ್ದೆಯಲ್ಲಿರುವ ಅಕ್ಕನಿಗೆ,

ಎಚ್ಚರವಾಗಿರುವ ತಮ್ಮನ ನಮಸ್ಕಾರಗಳು. ನಾನು ಕ್ಷೇಮ. ನೀನೂ ಕ್ಷೇಮವೆಂದು ಭಾವಿಸುವ ತೊಂದರೆ ನನಗಿಲ್ಲ, ಕಣ್ಣೆದುರಿಗೇ ಇದ್ದೀಯ. ನೀನು ಎಡಗಡೆಯ ಮೂರನೇ ಸೀಟಿನಲ್ಲಿ, ನಾನು ಐದನೆಯದರಲ್ಲಿ. ನೀನು ಹತ್ತುವಾಗ ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದೆ. ನಮ್ಮ ಪೇಪರು ಒಬ್ಬನ ಮಾನ ಮುಚ್ಚಿದ್ದು ಇದೇ ಮೊದಲು.

ನೀನು ಶಾಲನ್ನು ಸುರುಳಿ ಸುತ್ತಿ ಕಿಟಕಿಯ ಗಾಜಿಗೆ ಒರಗಿಸಿದೆ, ಅದಕ್ಕೆ ಕೆನ್ನೆ ಕೊಟ್ಟೆ, ಬಸ್ಸು ಆಸ್ಪತ್ರೆಯ ಗೇಟು ದಾಟುವ ಮೊದಲೇ ಹೋಗಿಬಿಟ್ಟೆ. ಇಷ್ಟು ಬೇಗ ನಿದ್ದೆಹೋಗುವವರನ್ನು ನಾನು ಇದುವರೆಗೆ ಕಂಡಿದ್ದು ನನ್ನ ಓದುಗರಲ್ಲಿ ಮಾತ್ರ.

ನೀನು ಈ ಬಸ್ಸನ್ನು ಎಂದೂ ಎಚ್ಚರದಲ್ಲಿ ನೋಡಿರಲಾರೆ. ಅದಕ್ಕೇ ಹೇಳುತ್ತೇನೆ, ಕೇಳು. ನಿನ್ನ ಮುಂದಿನ ಸೀಟಿನಲ್ಲಿ ಬ್ರೆಡ್ ಕಾರ್ಖಾನೆಯವರೊಬ್ಬರು ಹುಬ್ಬಿನ ಮೇಲೆ ಇನ್ನೂ ಹಿಟ್ಟು ಹೊತ್ತುಕೊಂಡೇ ಮಲಗಿದ್ದಾರೆ. ಬಲಗಡೆ ಒಬ್ಬ ವಾಚ್‌ಮನ್, ಟೋಪಿಯನ್ನು ಮೊಣಕಾಲಿಗೆ ಹಾಕಿ ತಾನು ಬೋಳುತಲೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಮೊಣಕಾಲು ಮಾತ್ರ ಕಾವಲಿಗೆ ನಿಂತಂತಿದೆ. ಹಿಂದುಗಡೆ ಇಬ್ಬರು ನರ್ಸಮ್ಮಂದಿರು ಒಬ್ಬರ ಹೆಗಲಿಗೊಬ್ಬರು. ಮರಗಳ ನೆರಳು ಮುಂದಿನ ಗಾಜಿನಿಂದ ಒಳಗೆ ಬಂದು, ಎಲ್ಲರ ಮುಖವನ್ನೂ ಒಮ್ಮೊಮ್ಮೆ ಸವರಿ, ಹಿಂದಿನ ಗಾಜಿನಿಂದ ಇಳಿದುಹೋಗುತ್ತಿದೆ. ಡ್ರೈವರು ಗೇರು ಬದಲಿಸುವುದು ತೊಟ್ಟಿಲು ತೂಗಿದ ಹಾಗಿದೆ. ಬಸ್ಸು ನೆಲದ ಮೇಲೆ ಹೋಗುತ್ತಿದೆಯೋ ನಿಮ್ಮೆಲ್ಲರ ಉಸಿರಿನ ಮೇಲೆ ತೇಲುತ್ತಿದೆಯೋ ಎಂದು ನನಗೇ ಅನುಮಾನ ಬಂದು ಒಂದು ಸಲ ಕಿಟಕಿಯಿಂದ ಬಗ್ಗಿ ಚಕ್ರ ನೋಡಿದೆ. ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಅಕ್ಕ, ನನಗೆ ಎಲ್ಲವೂ ಗೊತ್ತಾಗಿದೆ.

ಆರು ವರ್ಷದ ಹಿಂದೆ ನಾನು ಇದ್ದ ಒಂದು ನೆಟ್ಟಗಿನ ಕೆಲಸ ಬಿಟ್ಟು ಹಾಸ್ಯ ಅಂಕಣಕಾರನಾದೆ. ನಮ್ಮ ಮಹಡಿಯ ಮನೆಯಲ್ಲಿ ಬಾಗಿಲಿರುವ ಕೋಣೆ ಒಂದೇ. ಅದರಲ್ಲಿ ನಿನ್ನ ಮಂಚ, ನನ್ನ ಮೇಜು, ರಸ್ತೆಗೆ ತೆರೆಯುವ ನೀಲಿ ಕಿಟಕಿ. ನೀನು ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಯಿಡೀ ನಿಂತು, ಊರಿನವರೆಲ್ಲ ಮಲಗುವ ಹಾಸಿಗೆಗಳ ಹೊದಿಕೆಗೆ ಇಸ್ತ್ರಿ ಹಾಕಿ, ಬೆಳಗ್ಗೆ ಹನ್ನೊಂದಕ್ಕೆ ಪಾಳಿ ಮುಗಿಸಿ ಬರುತ್ತಿದ್ದೆ. ನಾನೋ, ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಿ, ಲೋಕಕ್ಕಿಂತ ಮೊದಲು ನಾನೇ ನಕ್ಕು, ಆಮೇಲೆ ಬರೆಯುವ ಜಾತಿ. ಮೂರು ದಿನ ನೀನು ತಲೆಯ ಮೇಲೆ ದಿಂಬು ಒತ್ತಿಕೊಂಡು ತಡೆದುಕೊಂಡೆ. ನಾಲ್ಕನೇ ದಿನ ಹೇಳಿದೆ: "ನೀನು ಬರ್ಕೋ ಕಣೋ. ನಮಗೆ ಆಸ್ಪತ್ರೆಯವರೇ ಮಲಗೋಕೆ ಜಾಗ ಕೊಟ್ಟಿದ್ದಾರೆ. ಗಾಳಿ ಬೆಳಕು ಎಲ್ಲಾ ಚೆನ್ನಾಗಿದೆ, ಕಿಟಕಿ ಪಕ್ಕಾನೇ ಸಿಗತ್ತೆ. ಮಧ್ಯಾಹ್ನ ಎದ್ದು ಬರ್ತೀನಿ."

ಕಿಟಕಿ ಇದ್ದದ್ದು ನಿಜ. ಆ ಕೋಣೆಗೆ ಆರು ಚಕ್ರ ಇರುವುದನ್ನು ಮಾತ್ರ ಹೇಳಲಿಲ್ಲ.

ಅಮ್ಮನಂತೂ ಹಿಗ್ಗಿಹೋದಳು. "ಅವಳಿಗೆ ಕೆಲಸದ ಕಡೆ ಕೋಣೆ ಕೊಟ್ಟಿದ್ದಾರೆ. ನಿನಗೆ ಪೇಪರಿನವರು ಏನು ಕೊಟ್ರಪ್ಪ, ಪೇಪರಾ?" ಎಂದು ಆಗಾಗ ನನಗೆ ತಿವಿಯುತ್ತಿದ್ದಳು.

ಹಾಗೆ ನೀನು ತಿಂಗಳ ಪಾಸು ಮಾಡಿಸಿಕೊಂಡು, ಆಸ್ಪತ್ರೆಯಿಂದ ಹಳೇ ಸಂತೆಯವರೆಗೆ ಹೋಗಿ ಬಂದು, ಮತ್ತೆ ಹೋಗಿ, ದಿನಕ್ಕೆ ಮೂರು ಸಲ ನಮ್ಮ ಮನೆಯ ಮುಂದೆಯೇ ನಿದ್ದೆಯಲ್ಲಿ ಹಾದುಹೋಗಿ, ನಾಲ್ಕನೇ ಸಲ ಎದ್ದು ಇಳಿಯುತ್ತಿದ್ದೆ. ಮೇಲೆ ನಾನು ನಿನ್ನ ಮಂಚದ ಮೇಲೆ ಕಾಲು ಚಾಚಿ, ಜಗತ್ತಿನಲ್ಲಿ ನಗುವುದಕ್ಕೆ ಏನಿದೆ ಎಂದು ಹುಡುಕುತ್ತಿದ್ದೆ.

ಒಂದು ದಿನ ಏನೂ ಸಿಗಲಿಲ್ಲ. ಹಾಳೆ ಬಿಳಿ, ತಲೆ ಅದಕ್ಕಿಂತ ಬಿಳಿ. ಆಗ ಕಿಟಕಿಯ ಕೆಳಗೆ ಈ ಬಸ್ಸು ಹಾದುಹೋಯಿತು. ಮೇಲಿನಿಂದ ನೋಡಿದರೆ ಒಂದು ತಲೆಯೂ ಇಲ್ಲ. ಮಲಗಿದವರ ತಲೆ ಗಾಜಿನ ಕೆಳಗಿನ ಅಂಚಿಗೆ ಜಾರಿರುತ್ತದೆಂದು, ಸದಾ ಎಚ್ಚರವಾಗಿದ್ದು ಏನನ್ನೂ ನೋಡದ ನನಗೆ ಹೇಗೆ ಗೊತ್ತಾಗಬೇಕು? ಕೂತು ಬರೆದೆ. "ಗಾಳಿ ಸಾಗಿಸುವ ಬಸ್ಸು." ನಮ್ಮ ಸಾರಿಗೆಯವರು ಗಾಳಿಯನ್ನು ಆಸ್ಪತ್ರೆಯಿಂದ ಹಳೇ ಸಂತೆಗೆ ಹವಾ ಬದಲಾವಣೆಗೆ ಕರೆದೊಯ್ಯುತ್ತಾರೆ, ಗಾಳಿಗೆ ಕೂರಲು ನಲವತ್ತು ಸೀಟು, ನಿಲ್ಲಲು ಇಪ್ಪತ್ತು ಜಾಗ, ಈ ಬಸ್ಸಿಗೆ ತನ್ನ ಬಗ್ಗೆ ತನಗೇ ಎಷ್ಟು ನಾಚಿಕೆಯೆಂದರೆ ನಮ್ಮ ಮನೆಯ ಮುಂದೆ ಬಂದಾಗ ಹಾರ್ನ್ ಕೂಡ ಹಾಕುವುದಿಲ್ಲ, ಬೆಕ್ಕಿನ ಹಾಗೆ ಹೋಗಿಬಿಡುತ್ತದೆ. ಇತ್ಯಾದಿ.

ಆರು ವರ್ಷದಲ್ಲಿ ನನ್ನ ಯಾವ ಬರಹಕ್ಕೂ ಅಷ್ಟು ಜನ ನಕ್ಕಿರಲಿಲ್ಲ. ನೀನು ಎಂದಿನಂತೆ ಅದನ್ನು ಕತ್ತರಿಸಿ, ನಿನ್ನ ದಪ್ಪ ನೋಟುಬುಕ್ಕಿನಲ್ಲಿ ನಾಲ್ಕು ಮೂಲೆಗೂ ಅಂಟು ಸವರಿ ಅಂಟಿಸಿದೆ. ಆಮೇಲೆ, ಮುಖ ಎತ್ತದೆ, "ಆ ಹಾರ್ನ್ ವಿಷಯ ಚೆನ್ನಾಗಿದೆ ಕಣೋ" ಎಂದೆ. ನಾನು ಹೆಮ್ಮೆಯಿಂದ ಇನ್ನೊಂದು ಸಲ ಗಟ್ಟಿಯಾಗಿ ಓದಿ ತೋರಿಸಿದೆ.

ಹದಿನೈದು ದಿನಕ್ಕೆ ಬಸ್ಸು ನಿಂತುಹೋಯಿತು.

ನನ್ನ ಲೇಖನಿಗೆ ಇಷ್ಟು ಬಲವಿದೆಯೆಂದು ಅದುವರೆಗೂ ಗೊತ್ತಿರಲಿಲ್ಲ. ಎದೆ ಉಬ್ಬಿಸಿಕೊಂಡು ಓಡಾಡಿದೆ. ಅದೇ ದಿನಗಳಲ್ಲಿ ನಿನ್ನ ಕಣ್ಣು ಕೆಂಪಾಗತೊಡಗಿತು. ಊಟಕ್ಕೆ ಕೂತವಳು ತಟ್ಟೆಯ ಮೇಲೇ ತೂಗುತ್ತಿದ್ದೆ. ಒಂದು ಸಂಜೆ ನೀನು ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಎರಡು ಹೊದಿಕೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಗುರುತು ಬಿದ್ದಿದೆ, ನಿಂತಲ್ಲೇ ಕಣ್ಣು ಮುಚ್ಚಿತ್ತು, ಮೇಲ್ವಿಚಾರಕಿ ಹೇಳಿದ್ದಾರೆ, "ಮೂರನೇದು ಸುಟ್ರೆ ಕೆಲಸ ಬಿಟ್ಟು ಮನೆಗೆ ಹೋಗಿ ಮಲ್ಕೋ ತಾಯಿ" ಅಂತ. ನಾನು ಕೋಣೆಯಿಂದಲೇ ಕೂಗಿದೆ: "ಮನೆಗೆ ಹೋಗಿ ಮಲಗು ಅನ್ನೋದೂ ಒಂದು ಶಿಕ್ಷೆಯೇನೇ?" ಅಮ್ಮ ನಕ್ಕಳು. ನೀನೂ ನಕ್ಕೆ. ಆ ನಗುವನ್ನು ವಾಪಸು ಕೊಡುವಂತಿದ್ದರೆ ಅಕ್ಕ, ಇವತ್ತೇ ಕೊಟ್ಟುಬಿಡುತ್ತಿದ್ದೆ.

ಮಾರನೆಯ ವಾರ, ನೀನಿಲ್ಲದ ಹೊತ್ತಿನಲ್ಲಿ, ಆ ಬಸ್ಸಿನ ಕಂಡಕ್ಟರಣ್ಣ ಮನೆಗೆ ಬಂದ. ಕೈಯಲ್ಲಿ ಈ ಶಾಲು. ಕೊನೆಯ ದಿನ ನೀನು ಸೀಟಿನಲ್ಲೇ ಬಿಟ್ಟು ಇಳಿದಿದ್ದೆಯಂತೆ. ಒಗೆದು ಮಡಿಚಿ ತಂದಿದ್ದ.

"ಬಸ್ಸು ನಿಂತ್ರೂ ದಿಂಬು ಉಳೀಲಿ ಅಂತ ತಂದೆ ಸ್ವಾಮಿ. ಯಾವನೋ ಪೇಪರಲ್ಲಿ ಬರೆದನಂತೆ, ಗಾಳಿ ಸಾಗಿಸ್ತಾರೆ ಅಂತ. ಆ ಗಾಳಿ ಎಲ್ಲಾ ನಮ್ಮ ಬಸ್ಸಲ್ಲಿ ಮಲ್ಕೊಂಡಿತ್ತು. ಮೂವತ್ತು ಜನ! ರಾತ್ರಿ ಪಾಳಿಯೋರು. ಎಲ್ಲಾರೂ ಪಾಸು. ನನ್ನ ಲೆಕ್ಕದ ಚೀಟೀಲಿ ಟಿಕೆಟ್ ಮಾತ್ರ ಬರೀಬೇಕು, ಪಾಸಿನೋರು ಲೆಕ್ಕಕ್ಕಿಲ್ಲ. ಮೂವತ್ತು ಜನ ಕೂತಿದ್ರೂ ಆಫೀಸಿಗೆ ಸೊನ್ನೆ. ಅವನು ಬರೆದಿದ್ದೂ ಸೊನ್ನೆ, ನಾನು ಬರೆದಿದ್ದೂ ಸೊನ್ನೆ. ಆದ್ರೆ ನಾನು ಹೊಟ್ಟೆಪಾಡಿಗೆ ಬರೆದೆ. ಅವನು ಕೈಗೆ ಸಿಗಲಿ, ಟಿಕೆಟ್ ಪಂಚಲ್ಲಿ ಕಿವಿಗೆ ತೂತು ಹಾಕ್ತೀನಿ."

ನಾನು ಎರಡೂ ಕಿವಿಯನ್ನು ಮುಚ್ಚಿಕೊಂಡು, ತುಂಬ ಸಹಾನುಭೂತಿಯಿಂದ, ಹಾಕಲೇಬೇಕು ಎಂದೆ. ಗುಪ್ತನಾಮದಲ್ಲಿ ಬರೆಯುವುದರ ಪ್ರಯೋಜನ ಅಂದು ತಿಳಿಯಿತು. ಆಮೇಲೆ, ಮನೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಕೇಳಬಾರದಿತ್ತು.

"ಗೊತ್ತಿಲ್ದೆ ಏನು? ಮೊದಲನೇ ದಿನಾನೇ ನಿಮ್ಮಕ್ಕ ಡ್ರೈವರ್ ಹತ್ರ ಬಂದು ಹೇಳಿದ್ರಲ್ಲ. ಆ ನೀಲಿ ಕಿಟಕಿ ಬಂದಾಗ ಹಾರ್ನ್ ಹಾಕ್ಬೇಡಿ ಅಣ್ಣ, ಅಲ್ಲಿ ನನ್ನ ತಮ್ಮ ಬರೀತಿರ್ತಾನೆ ಅಂತ. ಆರು ವರ್ಷದಲ್ಲಿ ಒಂದು ದಿನ ಹಾಕಿದ್ರೆ ಕೇಳಿ. ಅಂದಹಾಗೆ, ನೀವು ಏನು ಬರೀತೀರಾ ಸ್ವಾಮಿ?"

ಕಾಗದ ಪತ್ರ ಎಂದೆ. ಅವನು ಹೋದ ಮೇಲೆ ಶಾಲನ್ನು ನಿನ್ನ ಮಂಚದ ಮೇಲಿಟ್ಟು, ಆ ಮಂಚದ ಮೇಲೆ ಕೂರುವ ಧೈರ್ಯವಾಗದೆ, ನೆಲದ ಮೇಲೆ ಕೂತೆ. ನಿನಗೆ ಶಾಲು ಸಿಕ್ಕಾಗ, ಯಾರೋ ಬಾಗಿಲಲ್ಲಿ ಇಟ್ಟು ಹೋಗಿದ್ದರು ಎಂದೆನಲ್ಲ, ಅದು ಸುಳ್ಳು. ನಮ್ಮಿಬ್ಬರ ಸುಳ್ಳುಗಳನ್ನು ಎದುರುಬದುರು ಇಟ್ಟರೆ ನಿನ್ನದೇ ಅಂದವಾಗಿದೆ.

ಮರುದಿನವೇ ಸಾರಿಗೆ ಕಚೇರಿಗೆ ಹೋದೆ. ವೇಳಾಪಟ್ಟಿಯ ಅಧಿಕಾರಿ ಒಳ್ಳೆಯವರು, ಅದೇ ದೊಡ್ಡ ತೊಂದರೆ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ನಾನೇ ಆ ಅಂಕಣಕಾರ ಎಂದೊಡನೆ ಎದ್ದು ಕೈ ಕುಲುಕಿದರು. "ಓಹೋ! ಮೀಟಿಂಗಲ್ಲಿ ಓದಿ ಬಿದ್ದು ಬಿದ್ದು ನಕ್ವಿ ಕಣ್ರೀ. ಫೈಲಿಗೂ ಅಂಟಿಸಿದ್ದೀವಿ." ನೋಡಿದೆ. ನಾಲ್ಕು ಮೂಲೆಗೂ ಅಂಟು ಸವರಿ ಅಂಟಿಸಿದ್ದರು, ನಿನ್ನ ಹಾಗೆಯೇ.

ಬಸ್ಸು ವಾಪಸು ಬೇಕು ಎಂದೆ. ಅವರು ಕನ್ನಡಕ ತೆಗೆದರು. ಅಂಕಣಕಾರರಿಗೆ ತಲೆ ಕೆಡುವುದು ಸಹಜವೆಂಬಂತೆ ಮೃದುವಾಗಿ ವಿವರಿಸಿದರು. ಟಿಕೆಟ್ಟಿನ ದುಡ್ಡು ಆ ದಾರಿಯ ಲೆಕ್ಕಕ್ಕೆ ಸೇರುತ್ತದಂತೆ, ಪಾಸಿನ ದುಡ್ಡು ಕೇಂದ್ರ ಕಚೇರಿಯ ಕೊಪ್ಪರಿಗೆಗೆ ಬೀಳುತ್ತದಂತೆ. ಹಾಗಾಗಿ ಪಾಸಿನವರು ಎಲ್ಲ ಬಸ್ಸಿನಲ್ಲೂ ಇರುತ್ತಾರೆ, ಯಾವ ಬಸ್ಸಿನಲ್ಲೂ ಇರುವುದಿಲ್ಲ. ಇದನ್ನು ಕೇಳಿ ನನಗೆ ಅಧ್ಯಾತ್ಮ ಕೇಳಿದಷ್ಟೇ ನಿದ್ದೆ ಬಂತು.

ಆದರೂ ಬಿಡಲಿಲ್ಲ ಅಕ್ಕ. ಆ ಹೊತ್ತಿನಲ್ಲಿ ಬಸ್ಸು ಓಡದಿದ್ದರೆ ಏನು ಮಾಡುತ್ತದೆ ಎಂದು ಕೇಳಿದೆ. ಡಿಪೋದಲ್ಲಿ ನಿಂತಿರುತ್ತದೆ. ಡ್ರೈವರು? ಅಲ್ಲೇ, ಸಂಜೆಯ ನೂಕುನುಗ್ಗಲಿಗೆ ಕಾಯುತ್ತಾ. ಸಂಬಳ? ಬೆಳಗಿನಿಂದ ಸಂಜೆಯವರೆಗೆ ಪೂರ್ತಿ. ಅಂದರೆ ಬಸ್ಸು ಕೊಂಡಾಗಿದೆ, ಸಂಬಳ ಕೊಟ್ಟಾಗಿದೆ, ಉಳಿದದ್ದು ಡೀಸೆಲ್ಲು ಮಾತ್ರ. "ಹಾಗಾದ್ರೆ ಡಿಪೋದಲ್ಲಿ ಡ್ರೈವರು ಮಲಗಲಿ ಅಂತ ಮೂವತ್ತು ಜನರನ್ನ ಎಬ್ಬಿಸಿದಿರಾ?" ಎಂದೆ. ಅವರು ನಕ್ಕರು. ನಗಿಸುವುದಕ್ಕೆ ಹೇಳದೆ ನಗಿಸಿದ್ದು ನನ್ನ ವೃತ್ತಿಜೀವನದಲ್ಲೇ ಮೊದಲು.

ಕೊನೆಗೆ ಪಾಸಿನ ರಿಜಿಸ್ಟರು ತರಿಸಿದರು. ಆಸ್ಪತ್ರೆಯ ಹತ್ತಿರದ ಕೌಂಟರಿನಲ್ಲಿ ಆ ತಿಂಗಳು ಮೂವತ್ತೊಂದು ಪಾಸು ಕಡಿಮೆ. ಮಧ್ಯಾಹ್ನ ಮರಳುವ ಬಸ್ಸಿಲ್ಲ ಎಂದಾದ ಮೇಲೆ ಅವರು ರಾತ್ರಿ ಹೋಗುವ ಬಸ್ಸನ್ನೂ ಬಿಟ್ಟಿದ್ದರು. ನೀನು ನಡೆದುಕೊಂಡು ಹೋಗುತ್ತಿದ್ದದ್ದು ವ್ಯಾಯಾಮಕ್ಕೆ ಎಂದು ನಮಗೆ ಹೇಳಿದ್ದೆಯಲ್ಲ, ಅದೇ. ಅಧಿಕಾರಿ ಬೆರಳಿಟ್ಟು ಎರಡು ಸಲ ಎಣಿಸಿದರು. ನಾನು ಮೆಲ್ಲಗೆ ಕೇಳಿದೆ: "ಸಾರ್, ಗಾಳಿ ತಿಂಗಳ ಪಾಸು ಮಾಡಿಸುತ್ತಾ?"

ಅವರು ಫೈಲನ್ನು ಹತ್ತಿರ ಎಳೆದುಕೊಂಡರು. ಆಮೇಲೆ ನನ್ನ ಬರಹದ ಪಕ್ಕದಲ್ಲೇ ಒಂದು ಸಾಲು ಬರೆದರು. ಮೂರು ತಿಂಗಳು ಪರೀಕ್ಷೆಗೆ ಓಡಲಿ. "ಆದ್ರೆ ಒಂದು ಮಾತು. ಪಾಸು ನನಗೆ ಅರ್ಥವಾಯ್ತು, ನನ್ನ ಮೇಲಿನವರಿಗೆ ಅರ್ಥವಾಗಲ್ಲ. ಕಂಡಕ್ಟರ್ ಚೀಟಿಯಲ್ಲಿ ಸ್ವಲ್ಪನಾದ್ರೂ ಟಿಕೆಟ್ ಕಾಣಿಸ್ಬೇಕು."

ಇವತ್ತು ಮೊದಲನೇ ದಿನ. ಹನ್ನೊಂದಕ್ಕೂ ಮೊದಲೇ ನಿನ್ನ ಆಸ್ಪತ್ರೆಯ ಸ್ಟಾಪಿನಲ್ಲಿ ಬಂದು ನಿಂತೆ. ಒಬ್ಬೊಬ್ಬರಾಗಿ ಬಂದರು, ಯಾರೂ ಏನೂ ಹೇಳದೆ ತಮ್ಮ ತಮ್ಮ ಸೀಟಿಗೆ ಹೋದರು, ಪರವೂರಿನಿಂದ ಮನೆಗೆ ಬಂದವರಂತೆ. ಕಂಡಕ್ಟರಣ್ಣನಿಗೆ ನಾನೇ ನನ್ನ ನಿಜ ಹೇಳಿದೆ. ಅವನು ಪಂಚನ್ನು ಕೈಯಲ್ಲಿ ಹಿಡಿದು ನನ್ನ ಎರಡೂ ಕಿವಿಗಳನ್ನು ನಿಧಾನವಾಗಿ ಪರಿಶೀಲಿಸಿದ. "ಟಿಕೆಟ್ ತಗೊಳ್ಳಿ ಸ್ವಾಮಿ, ಅದಕ್ಕೇ ತೂತು ಹಾಕ್ತೀನಿ" ಎಂದ.

ಅಕ್ಕ, ಈಗ ನಮ್ಮ ಮನೆ ಬಂತು. ಈ ಕೆಳಗಿನಿಂದ ನಾನು ನಮ್ಮ ಕಿಟಕಿಯನ್ನು ನೋಡಿದ್ದು ಇದೇ ಮೊದಲು. ಎಷ್ಟು ಚಿಕ್ಕದು! ಒಳಗೆ ಯಾರಾದರೂ ಇದ್ದಾರೋ ಇಲ್ಲವೋ, ಇಲ್ಲಿಂದ ಒಂದೂ ತಿಳಿಯುವುದಿಲ್ಲ. ಡ್ರೈವರಿನ ಕೈ ಹಾರ್ನಿನ ಹತ್ತಿರ ಹೋಯಿತು, ನಿಂತಿತು, ವಾಪಸು ಬಂತು. ಬಸ್ಸು ಬೆಕ್ಕಿನ ಹಾಗೆ ದಾಟಿತು. ಅಲ್ಲಿ ಯಾರೂ ಬರೆಯುತ್ತಿಲ್ಲ ಎಂದು ಎದ್ದು ಹೇಳೋಣವೆನ್ನಿಸಿತು. ನೀನು ಎಚ್ಚರವಾದೀಯೆಂದು ಸುಮ್ಮನಾದೆ.

ಇನ್ನು ಮೇಲೆ ಆ ಕೋಣೆ ನಿನ್ನದು. ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕಾಲು ಚಾಚಿ ಮಲಗು. ಆರು ವರ್ಷ ಕೂತೇ ಮಲಗಿದವಳಿಗೆ ಮಂಚ ಒಗ್ಗದಿದ್ದರೆ ಈ ಮೂರನೇ ಸೀಟೂ ನಿನ್ನದೇ. ಎಲ್ಲಿ ನಿದ್ದೆ ಚೆನ್ನಾಗಿ ಬರುತ್ತದೋ ನೀನೇ ನೋಡಿಕೊಂಡು ಹೇಳು. ನಾನು ಮಾತ್ರ ಇನ್ನು ಇಲ್ಲೇ ಬರೆಯುತ್ತೇನೆ, ಐದನೇ ಸೀಟಿನಲ್ಲಿ, ದಿನಾ ಟಿಕೆಟ್ ತೆಗೆದುಕೊಂಡು. ಗಟ್ಟಿಯಾಗಿ ಓದುವಂತಿಲ್ಲ, ನಗುವಂತಿಲ್ಲ. ಬರಹ ಸುಧಾರಿಸಿದರೂ ಸುಧಾರಿಸೀತು.

ಹಳೇ ಸಂತೆ ಬಂತು. ಕಂಡಕ್ಟರಣ್ಣ ನನ್ನ ಪಕ್ಕ ನಿಂತು, ಕೇಳಿಯೂ ಕೇಳಿಸದಷ್ಟು ಮೆಲ್ಲಗೆ "ಎಲ್ಲಿಗೆ?" ಎನ್ನುತ್ತಿದ್ದಾನೆ. ಈ ಕಾಗದವನ್ನು ನಿನ್ನ ಬುತ್ತಿಚೀಲದ ಬಾಯಿಗೆ ಸಿಕ್ಕಿಸಿ, ಅವನಿಗೆ ಹೇಳುತ್ತೇನೆ: ಇನ್ನೊಂದು ರೌಂಡು.

ಚಿಕ್ಕವನು ದೊಡ್ಡವರಿಗೆ ಆಶೀರ್ವಾದ ಮಾಡಬಾರದು, ಬಲ್ಲೆ. ಆದರೆ ನಿದ್ದೆಯಲ್ಲಿರುವವರು ಎಲ್ಲರಿಗಿಂತ ಚಿಕ್ಕವರು. ಆದ್ದರಿಂದ, ಚೆನ್ನಾಗಿ ನಿದ್ದೆ ಮಾಡಮ್ಮ. ನಿನ್ನ ಸ್ಟಾಪು ಬಂದಾಗ ನಾನು ಎಬ್ಬಿಸುತ್ತೇನೆ.

ಇಂತು ನಿನ್ನ ಎರಡು ಸೀಟು ಹಿಂದಿನ,
ಕಿವಿ ನೆಟ್ಟಗಿರುವ,
ತಮ್ಮ