ಬೇರೆಯವರು ಬರೆದ ಭಾಷಣ

ಸ್ಯಾನ್ ರಮೋನ್
14 ಅಕ್ಟೋಬರ್ 2025, ಮಂಗಳವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಮಾತ್ರೆ ನುಂಗುತ್ತಿದ್ದೀಯೋ, ಜವರಮ್ಮನ ಎಣ್ಣೆಯೇ ಸಾಕೆಂದು ಕೂತಿದ್ದೀಯೋ? ಫೋನಿನಲ್ಲಿ ಹೇಳಹೋದರೆ ಅಳು ಬರುತ್ತದೆಂದು ಬರೆಯುತ್ತಿದ್ದೇನೆ.

ಎದುರುಮನೆಯ ಲಿಂಡಾ ಜೊತೆ ನಾನೊಂದು ಪಕ್ಷದ ಕೆಲಸಕ್ಕೆ ಹೋಗುತ್ತಿದ್ದುದು ನಿನಗೆ ಗೊತ್ತು. ಅದು ಕಡು ಬಲಪಂಥದ್ದೆಂದು ಮಾತ್ರ ಹೇಳಿರಲಿಲ್ಲ. ವಲಸೆ ಬಂದವರನ್ನು ಹೊರಗಟ್ಟಬೇಕು, ಹೆಂಗಸರು ಮನೆ ನೋಡಿಕೊಂಡಿರಬೇಕು ಎನ್ನುವವರು. "ನೀನೇ ವಲಸೆ ಹೋದವಳು, ನಿನಗೆ ಅಲ್ಲೇನು ಕೆಲಸ" ಎನ್ನುತ್ತೀಯ. ಮೊದಲು ಶಾಲೆಯ ಪಾಠದ ಬಗ್ಗೆ ದೂರು ಹೇಳಲು ಅವರ ಸಭೆಗೆ ಹೋಗಿದ್ದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಈ ಊರಿನ ಹೆಂಗಸರು ನನ್ನ ಹೆಸರನ್ನು ಸರಿಯಾಗಿ ಕರೆದರು, ಅಮ್ಮಾ. ಜ್ವರ ಬಂದಾಗ ಮೂರು ದಿನ ಸೂಪು ತಂದುಕೊಟ್ಟರು. ಮನೆಮನೆ ಸುತ್ತುವುದು, ಫೋನು ಮಾಡುವುದು, ಸಭೆಗೆ ಕುರ್ಚಿ ಹಾಕುವುದು ಎಲ್ಲಾ ನಾವೇ. ಹೆಂಗಸರು ಮನೆಯಲ್ಲಿರಬೇಕೆಂಬ ಕರಪತ್ರ ಹಂಚಲು ಮಕ್ಕಳನ್ನು ಡೇಕೇರಿನಲ್ಲಿ ಬಿಟ್ಟು ಹೋಗುತ್ತಿದ್ದೆವು. ಆಗ ನಗು ಬರಲಿಲ್ಲ. "ವಲಸಿಗರು ಅಂದ್ರೆ ನೀನಲ್ಲ ಕಣೇ" ಎಂದು ಲಿಂಡಾ ಹೇಳಿದ್ದನ್ನು ನಂಬಿದ್ದೆ.

ಮೊನ್ನೆ ಶನಿವಾರದ ಸಭೆಯಲ್ಲಿ ನನ್ನದೂ ಭಾಷಣವಿತ್ತು. ಸೀರೆಯನ್ನೇ ಉಟ್ಟು ಬಾ ಎಂದಿದ್ದರು. ವೇದಿಕೆ ಹತ್ತುವ ಮುಂಚೆ ಕೈಗೊಂದು ಹಾಳೆ ಕೊಟ್ಟರು. ಇದೇ ಊರಿನ ಡೇಕೇರಿನಲ್ಲಿ ಈ ದೇಶದಲ್ಲಿರಲು ಕಾಗದಪತ್ರವಿಲ್ಲದ ಆಯಾ ಒಬ್ಬಳು ನಮ್ಮ ಮಕ್ಕಳನ್ನು ಮುಟ್ಟುತ್ತಿದ್ದಾಳೆ, ಇಂಥವರನ್ನು ಹುಡುಕಿ ಹಿಡಿದುಕೊಡಿ ಎಂದಿತ್ತು. ಯಾರು ಬರೆದದ್ದು ಎಂದೆ. ಒಳಕೋಣೆಯಲ್ಲಿ ಕೂತ ಪಕ್ಷದ ಗಂಡಸರು ಬರೆದದ್ದಂತೆ, ನಮ್ಮ ಮಹಿಳಾ ಸಮಿತಿಯಲ್ಲಿ ಒಬ್ಬಳೂ ಅದನ್ನು ನೋಡಿರಲಿಲ್ಲ. ನೀನು ಪಂಚಾಯಿತಿ ಮೆಂಬರಾಗಿದ್ದಾಗ ಅಪ್ಪ ಬೆರಳಿಟ್ಟ ಕಡೆ ಸಹಿ ಹಾಕುತ್ತಿದ್ದುದು ನೆನಪಾಯಿತು. ಈ ಸಾಲು ಬೇಡ ಎಂದೆ. ಲಿಂಡಾ ನನ್ನ ಸೆರಗು ಸರಿಮಾಡುತ್ತಾ ಪ್ರೀತಿಯಿಂದಲೇ ಹೇಳಿದಳು: "ನಾವು ಹೇಳಿದ್ರೆ ದ್ವೇಷ ಅಂತಾರೆ. ನೀನು ಹೇಳಿದ್ರೆ ಹಾಗನ್ನಲ್ಲ. ಅದಕ್ಕೇ ನೀನು ಬೇಕಾಗಿರೋದು."

ಮೈಕಿನ ಮುಂದೆ ಎರಡು ಸಾಲು ಓದಿದೆ. "ಇದು ನಾನು ಬರೆದಿದ್ದಲ್ಲ, ನಾನು ಓದಲ್ಲ" ಎಂದು ಇಳಿದುಬಿಟ್ಟೆ. ಭಾಷಣ ಮುಗಿಯಿತೆಂದುಕೊಂಡು ಹಿಂದೆ ಕೂತವರು ಚಪ್ಪಾಳೆ ತಟ್ಟಿದರು! ಅಂದಿನಿಂದ ಲಿಂಡಾ ನನಗೆ ಬಾಗಿಲು ತೆರೆದಿಲ್ಲ. ಅವಳ ಸ್ನೇಹ ಸುಳ್ಳಾಗಿತ್ತು ಎಂದು ಈಗಲೂ ಅನ್ನಲಾರೆ, ಕಷ್ಟವಿರುವುದೇ ಅಲ್ಲಿ.

ನಿನ್ನ ಮೊಮ್ಮಗ ಯಶಸ್ ಶಾಲೆಗೆ ಹೋಗಿದ್ದಾನೆ. ಅಜ್ಜಿಗೆ ಮುತ್ತು ಕಳಿಸಿದ್ದಾನೆ. ಮೆಟ್ಟಿಲು ಹತ್ತಿಳಿಯುವಾಗ ಹುಷಾರು. ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದೇನೆ.

ನಿನ್ನ ಮಗಳು,
ಶಶಿರೇಖಾ

ವಿ.ಸೂ.: ಒಂದು ವಿಷಯ ಬಿಟ್ಟೆ. ಹಾಳೆಯಲ್ಲಿದ್ದ ಆಯಾ ಯಾರೆಂದು ಓದಿದ ಕೂಡಲೇ ತಿಳಿಯಿತು. ಯಶಸ್‌ನನ್ನು ಮೂರು ವರ್ಷ ಎತ್ತಿ ಆಡಿಸಿದ ಲೂಪೆ. ಅವಳಿಗೆ ಕಾಗದವಿಲ್ಲವೆಂದು ಕಾಫಿ ಕುಡಿಯುತ್ತಾ ಲಿಂಡಾಗೆ ಹೇಳಿದವಳು ನಾನೇ, ಮಾತಿಗೆ ಬೇರೇನೂ ಹೊಳೆಯದೆ. ನಿನ್ನೆ ಡೇಕೇರಿಗೆ ಹೋಗಿ ನೋಡಿದೆ. ಲೂಪೆ ಬಂದಿಲ್ಲ, ಫೋನೂ ಎತ್ತುತ್ತಿಲ್ಲ. ಓಕ್ಲ್ಯಾಂಡಿನಲ್ಲಿ ಅವಳ ತಂಗಿಯ ಮನೆ ಗೊತ್ತು. ಈಗಲೇ ಹೊರಟೆ. ಬಾಯಿಬಿಟ್ಟವಳು ನಾನು ಎಂದು ಅವಳ ಮುಖ ನೋಡಿ ಹೇಳಬೇಕು.