ಅಜ್ಜನ ಸನಾದಿ

ಬೆಂಗೇರಿ, ರವಿವಾರ, ೭ ಮಾರ್ಚ್ ೧೯೩೭

ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ನನಗೆ ಒಮ್ಮೆಯೂ ಮುಟ್ಟಗೊಡದ ಅಜ್ಜನ ಸನಾದಿಯನ್ನು ಅಬ್ಬಾ ಇಂದು ದತ್ತುವಿನ ಕೈಗೆ ಕೊಟ್ಟರು. ರವಿವಾರ ನಮ್ಮ ಅಂಗಳದಲ್ಲಿ ಊದಲು ಕಲಿಯುವ ಗುಂಪಿನಲ್ಲಿ ಅವನೇ ಹೊಸಬ. ಕೆನ್ನೆಯುಬ್ಬಿಸಿ ಹಾಡಿನ ಒಂದು ಸಾಲು ಊದಿದ, ಅರ್ಧಕ್ಕೇ ದಾರಿ ತಪ್ಪಿದ. ಒಳಗೆ ರೊಟ್ಟಿ ತಟ್ಟುತ್ತಿದ್ದ ನನಗೆ ಖುಷಿಯೋ ಖುಷಿ. ತಡೆಯಲಾರದೆ ಆ ಸಾಲನ್ನು ನಾನೇ ಪೂರ್ತಿ ಹಾಡಿಬಿಟ್ಟೆ. ಅಬ್ಬಾ ಹೊರಗೆ ಕರೆಯುತ್ತಾರೆಂದು ಹಿಟ್ಟಿನ ಕೈ ಒರೆಸಿಕೊಂಡೆ.

“ಅಬೀದಾ, ಅಲ್ಲಿಂದನ ಇನ್ನೊಮ್ಮೆ ಹಾಡವ್ವಾ,” ಎಂದರು.

ಹಾಡಿದೆ.

“ಕೇಳಿದೇನು ದತ್ತು? ಹಂಗ ಊದು.”

ಅವನು ಹಾಗೇ ಊದಿದ. ನನ್ನ ಎಳೆತ, ನಾನು ಉಸಿರು ಹಿಡಿದ ಜಾಗ, ಎಲ್ಲವೂ ಬಂತು. “ಶಾಭಾಸ್!” ಎಂದು ಅಬ್ಬಾ ಅವನ ಬೆನ್ನು ತಟ್ಟಿದ್ದು ಒಳಗೂ ಕೇಳಿಸಿತು.

ಹಂಚಿನ ಮೇಲಿನ ರೊಟ್ಟಿ ಸೀದುಹೋಗಿತ್ತು. ಅಮ್ಮಾ ಬೈಯಲಿಲ್ಲ. ಬೈದಿದ್ದರೆ ಅಳುವುದಕ್ಕೆ ಒಂದು ನೆವವಾದರೂ ಸಿಗುತ್ತಿತ್ತು.