ಸೇತುವೆಯ ಕೆಳಗಿನ ಹದಿನೈದು ಸೆಂಟಿಮೀಟರ್

ಮಾರ್ಚ್ 26, ಗುರುವಾರ

‘ಸೇತುವೆಯ ಕೆಳಗೆ ಮಂಜುಗಡ್ಡೆ 15 ಸೆಂ.ಮೀ.’ ಎಂದು ಬೆಳಿಗ್ಗೆ, ಸ್ಕೇಟಿಂಗ್‌ಗೆ ಬರುವವರಿಗಾಗಿ ಸರೋವರದ ದಡದಲ್ಲಿಟ್ಟ ಫಲಕದಲ್ಲಿ ಬರೆದವನು ನಾನೇ. ಅಳೆಯದೆ ಬರೆದೆ. ಉಳಿದ ಕಡೆಯೆಲ್ಲ ಕೊರೆದು ನೋಡಿದ್ದೆ. ಗಾಳಿಗೆ ಎದುರಾಗಿ ಅಷ್ಟು ದೂರ ನಡೆಯಲು ಸೋಮಾರಿತನ ಬಂತು, ಕಳೆದ ವಾರದ ಅಂಕಿಯನ್ನೇ ಬರೆದುಬಿಟ್ಟೆ. ಅಲ್ಲಿ ಅಡಿಯಲ್ಲಿ ನೀರು ಹರಿಯುತ್ತದೆ, ಮಂಜು ಬೇಗ ಸವೆಯುತ್ತದೆ. ಹದಿನೆಂಟು ವರ್ಷದ ಕೆಲಸ, ನನಗೆ ಗೊತ್ತಿಲ್ಲದ್ದೇ?

ಮಧ್ಯಾಹ್ನ ಐಲಿ ಟೀಚರ್ ಸ್ಕೇಟಿಂಗ್ ಮಾಡುತ್ತ ಅಲ್ಲೇ ನೀರಿಗೆ ಬಿದ್ದರು. ಎಪ್ಪತ್ತಾರು ವರ್ಷ. ಇಂಥ ಹೊತ್ತಿಗೆಂದೇ ಸ್ಕೇಟ್ ಮಾಡುವವರು ಕೊರಳಿಗೆ ಹಾಕಿಕೊಳ್ಳುವ ಹಿಡಿಯಿರುವ ಮೊಳೆಗಳನ್ನು ಮಂಜಿಗೆ ಚುಚ್ಚಿ ತಾವೇ ಮೇಲೆ ಬಂದರು. ದಡದ ಸೌನಾದ, ಅಂದರೆ ಹಬೆಸ್ನಾನದ ಮನೆಯ, ಹೊರಕೋಣೆಯಲ್ಲಿ ಕೂರಿಸಿ ಕಂಬಳಿ ಹೊದಿಸಿದೆ.

“ತಪ್ಪು ನಂದೇ ಕಣೋ ಯೋರ್ಮ,” ಅಂದರು, ಗಡಗಡ ನಡುಗುತ್ತ. “ನೀನು ಹದಿನೈದು ಅಂತ ಬರ್ದಿದ್ದೆ. ನಾನೇ ದಾರಿ ತಪ್ಪಿ ಎಲ್ಲಿಗೋ ಹೋಗಿರ್ಬೇಕು. ಕಣ್ಣು ಮಂಜಾಯ್ತು. ಇನ್ಮೇಲೆ ಸ್ಕೇಟ್ ಹಾಕಲ್ಲ, ಇದನ್ನ ಯಾರಿಗಾದ್ರೂ ಕೊಟ್ಬಿಡು.”

“ಹುಷಾರಾಗಿರ್ಬೇಕು, ಟೀಚರ್,” ಅಂದೆ. ನಾನು, ಅವರಿಗೆ!

ಸಂಜೆ ಸೇತುವೆಯ ಕೆಳಗೆ ಹೋಗಿ ಕೊರೆದೆ: ನಾಲ್ಕೇ ಸೆಂ.ಮೀ., ಆಳಿನ ಭಾರ ತಡೆಯದಷ್ಟು ತೆಳು. ಫಲಕ ತಿದ್ದುವಾಗ ಯಾರೋ, “ಅಬ್ಬಾ, ಒಂದೇ ದಿನಕ್ಕೆ ಇಷ್ಟು ಕರಗೋಯ್ತಾ?” ಅಂದರು. ಹೌದು ಅಂದೆ.

ಅವರ ಸ್ಕೇಟುಗಳು ನನ್ನ ಒಲೆಯ ಮುಂದೆ ಒಣಗುತ್ತಿವೆ. ನಾಳೆ ಅವರಿಗೇ ವಾಪಸ್ ಕೊಡಬೇಕು. ಕೊಡಲು ಹೋದರೆ, ಯಾಕೆ ವಾಪಸ್ ಅಂತ ಹೇಳಬೇಕು.